ಕರೆಂಟ್ ಹೋದಾಗ ಮಾತ್ರ ಕೆಡುತ್ತಿದ್ದ ಐದನೇ ಮೀಟರ್

ತುಮಕೂರು ಕಡೆಯ ಒಂದು ಕಾರ್ಖಾನೆ. 14 ಎನರ್ಜಿ ಮೀಟರ್‌ಗಳು ಒಂದೇ ಆರ್‌ಎಸ್-485 ಲೂಪ್‌ನಲ್ಲಿ, ಅಂದರೆ ಎಲ್ಲಕ್ಕೂ ಒಂದೇ ಕೇಬಲ್. ಮಾತಾಡುವ ಭಾಷೆ ಮಾಡ್‌ಬಸ್ ಆರ್‌ಟಿಯು, ವೇಗ 9600 ಬಾಡ್. ಸರ್ವರ್ ಒಂದೊಂದೇ ಮೀಟರ್‌ನ ವಿಳಾಸ (ನಂಬರ್) ಹೇಳಿ ಕೇಳುತ್ತದೆ, ಆ ವಿಳಾಸದ ಮೀಟರ್ ಮಾತ್ರ ಉತ್ತರಿಸುತ್ತದೆ. ವಾರಕ್ಕೆ ಎರಡು ಮೂರು ಸಲ ಸ್ಕಾಡಾದಲ್ಲಿ (ಎಲ್ಲ ರೀಡಿಂಗ್ ತೋರಿಸುವ ಕಂಪ್ಯೂಟರ್ ಪರದೆಯಲ್ಲಿ) ಐದನೇ ವಿಳಾಸದ ಕಂಪ್ರೆಸರ್ ಮೀಟರ್ ಕೆಂಪಾಗುತ್ತಿತ್ತು, ಉಳಿದ ಮೀಟರ್‌ಗಳ ರೀಡಿಂಗ್ ತಡವಾಗುತ್ತಿತ್ತು. ನಾನು ಹೋಗಿ ನೋಡುವಷ್ಟರಲ್ಲಿ ಎಲ್ಲ ಸರಿ ಇರುತ್ತಿತ್ತು. ಕೇಬಲ್ ಬದಲಾಯಿಸಿದ್ದಾಯ್ತು, ಕನ್ವರ್ಟರ್ ಬದಲಾಯಿಸಿದ್ದಾಯ್ತು. ಸಮಸ್ಯೆ ಮಾತ್ರ ಹಾಗೇ ಇತ್ತು.

ಊಹೆ ಮಾಡುವುದು ಬಿಟ್ಟು ಡ್ರೈವರ್ ಲಾಗ್, ಅಂದರೆ ಮೀಟರ್‌ಗಳ ಜೊತೆ ಮಾತಾಡುವ ಸಾಫ್ಟ್‌ವೇರ್‌ನ ದಾಖಲೆ, ಹಿಡಿಯೋಣ ಅಂತ ಕೂತೆ. ಅಲ್ಲಿದ್ದದ್ದು ಕೆಪ್‌ವೇರ್ ಸರ್ವರ್, ಮೀಟರ್‌ಗಳನ್ನು ಕೇಳಿ ಸ್ಕಾಡಾಗೆ ಕೊಡುವ ಸಾಫ್ಟ್‌ವೇರ್. ಚಾನೆಲ್ ಪ್ರಾಪರ್ಟೀಸ್‌ಗೆ ಹೋಗಿ ಡಯಾಗ್ನೋಸ್ಟಿಕ್ಸ್ ಕ್ಯಾಪ್ಚರ್ ಎನೇಬಲ್ ಮಾಡಿದರೆ ಹೋಗುವ, ಬರುವ ಒಂದೊಂದು ಬೈಟ್ ಕೂಡ ಕಾಣುತ್ತದೆ. ಆನ್ ಮಾಡಿ ಮನೆಗೆ ಹೋದೆ. ಮಾರನೇ ದಿನ ನೋಡಿದರೆ ಲಾಗ್‌ನಲ್ಲಿ ಇದ್ದದ್ದು ಕೊನೆಯ ಅರ್ಧ ನಿಮಿಷದ ಮಾತುಕತೆ ಅಷ್ಟೇ!

ಲೆಕ್ಕ ಹಾಕಿದಾಗ ಗೊತ್ತಾಯಿತು. ಸ್ಕ್ಯಾನ್, ಅಂದರೆ ಎಲ್ಲ ಮೀಟರ್‌ಗಳನ್ನು ಕೇಳುವ ಸುತ್ತು, ಸೆಕೆಂಡಿಗೊಂದು ಇತ್ತು. 14 ಮೀಟರ್, ಒಂದೊಂದಕ್ಕೂ ಒಂದು ಪ್ರಶ್ನೆ, ಒಂದು ಉತ್ತರ. ಸೆಕೆಂಡಿಗೆ 28 ಸಾಲು. ಲಾಗ್ ಮೆಮೊರಿಯಲ್ಲಿತ್ತು, ಮಿತಿ 1000 ಸಾಲು. 36 ಸೆಕೆಂಡಿಗೆ ಹಳೆಯದೆಲ್ಲ ಅಳಿಸಿ ಹೋಗುತ್ತಿತ್ತು.

ಹಾಗಾಗಿ ಮೊದಲು ಸ್ಕ್ಯಾನ್ 10 ಸೆಕೆಂಡ್ ಮಾಡಿದೆ. ಯೂನಿಟ್ ಲೆಕ್ಕಕ್ಕೆ ಅಷ್ಟು ಸಾಕು ಅಲ್ವಾ. ಆಮೇಲೆ ಲಾಗ್ ಸೆಟ್ಟಿಂಗ್‌ನಲ್ಲಿ ಮೆಮೊರಿ ತೆಗೆದು ಎಕ್ಸ್‌ಟೆಂಡೆಡ್ ಡೇಟಾಸ್ಟೋರ್ ಆರಿಸಿದೆ, ಫೈಲ್‌ಗಳನ್ನು ಡಿ ಡ್ರೈವ್‌ಗೆ ಕಳಿಸಿದೆ, 10 ದಿನ ಉಳಿಯುವಂತೆ ಇಟ್ಟೆ. ಬೇರೆ ಚಾನೆಲ್‌ಗಳ ಕ್ಯಾಪ್ಚರ್ ಮುಟ್ಟಲಿಲ್ಲ. ಎಲ್ಲವನ್ನೂ ಆನ್ ಮಾಡಿದರೆ ಸರ್ವರ್‌ಗೂ ಭಾರ, ಓದುವವರಿಗೂ ಭಾರ. ಸರ್ವರ್ ಗಡಿಯಾರ ಏಳು ನಿಮಿಷ ಹಿಂದಿತ್ತು, ಅದನ್ನೂ ಸರಿ ಮಾಡಿದೆ. ಈ ಚಿಕ್ಕ ಕೆಲಸವೇ ಮುಂದೆ ದಾರಿ ತೋರಿಸಿತು.

ನಾಲ್ಕನೇ ದಿನ ಫೋನ್ ಬಂತು. ಶಿಫ್ಟ್ ಆಪರೇಟರ್ ಹೇಳಿದರು: "ಸಾರ್, ಕರೆಂಟ್ ಹೋದಾಗ್ಲೇ ಹಿಂಗಾಗೋದು ಅನ್ಸುತ್ತೆ, ನೋಡಿ."

ಲಾಗ್ ತೆಗೆದೆ. ಕರೆಂಟ್ ಹೋದ ಹೊತ್ತಿಗೆ 14 ಮೀಟರ್‌ಗಳೂ ಸುಮ್ಮನಾಗಿದ್ದವು. ಅದು ಸಹಜ, ಡಿಜಿ (ಡೀಸೆಲ್ ಜನರೇಟರ್) ಎದ್ದು ಲೋಡ್ ತೆಗೆದುಕೊಳ್ಳುವವರೆಗೆ ಮೀಟರ್‌ಗೂ ಸಪ್ಲೈ ಇರುವುದಿಲ್ಲ. ಆಮೇಲೆ 13 ಮೀಟರ್ ವಾಪಸ್ ಬಂದವು, ಐದನೇದು ಬರಲಿಲ್ಲ. ಅದೇ ಪ್ರಶ್ನೆ ಮೂರು ಸಲ ಹೋಗಿತ್ತು, ಒಂದೊಂದಕ್ಕೂ ಒಂದು ಸೆಕೆಂಡ್ ಕಾದು ಟೈಮ್‌ಔಟ್. ಪ್ರತಿ ಸುತ್ತಿನಲ್ಲೂ ಮೂರು ಸೆಕೆಂಡ್ ಹಾಳು. ಉಳಿದವು ತಡವಾಗುತ್ತಿದ್ದದ್ದು ಇದರಿಂದ.

ಆದರೆ ಉತ್ತರ ಬಂದೇ ಇಲ್ಲ ಅಂತೇನಿಲ್ಲ. 10 ರಿಜಿಸ್ಟರ್ (ಒಂದೊಂದೂ ಎರಡು ಬೈಟ್‌ನ ಖಾನೆ) ಕೇಳಿದರೆ ಉತ್ತರ 25 ಬೈಟ್ ಇರಬೇಕು: ವಿಳಾಸ, ಫಂಕ್ಷನ್ ಕೋಡ್ (ಯಾವ ಕೆಲಸ ಅಂತ), ಡೇಟಾ ಬೈಟ್‌ಗಳ ಎಣಿಕೆ, 20 ಬೈಟ್ ಡೇಟಾ, ಕೊನೆಗೆ ತಪ್ಪು ಹಿಡಿಯಲು ಎರಡು ಬೈಟ್ ಸಿಆರ್‌ಸಿ. ಇಲ್ಲಿ ಶುರು 05 03 14 ಅಂತ ಸರಿಯಾಗೇ ಇತ್ತು (ಲಾಗ್ ಹೆಕ್ಸ್‌ನಲ್ಲಿದೆ, ಅಲ್ಲಿ 14 ಅಂದರೆ 20), ಮುಂದೆ ಎಲ್ಲ ಕಲಸುಮೇಲೋಗರ. ಒಂದು ಸಾಲಿನಲ್ಲಂತೂ 31 ಬೈಟ್ ಬಂದಿದ್ದವು. ಕೇಬಲ್‌ನಲ್ಲಿ ನಾಯ್ಸ್ ಇದ್ದರೆ ಬೈಟ್‌ಗಳು ಕೆಡುತ್ತವೆ, ಆದರೆ ಒಂದೇ ಮೀಟರ್‌ಗೆ ಮಾತ್ರ, ಅದೂ ಹೀಗೆ ಉದ್ದವಾಗಿ? ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದ ಹಾಗಿತ್ತು.

ಡಿಜಿ ರೂಮಿನ ಲಾಗ್ ಪುಸ್ತಕ ತರಿಸಿದೆ. ಡಿಜಿ ಆನ್, ಆಫ್ ಆದ ಸಮಯವೂ ಐದನೇ ಮೀಟರ್ ಕೆಟ್ಟು ಸರಿಯಾದ ಸಮಯವೂ ನಿಮಿಷ ತಪ್ಪದೆ ಕೂಡಿದವು. ಡಿಜಿ ಪ್ಯಾನೆಲ್ ಬಾಗಿಲು ತೆಗೆದರೆ ಒಳಗೊಂದು ಮೀಟರ್. ಪ್ಯಾನೆಲ್ ಹಾಕಿದವರು ಮುಂದೆ ಬೇಕಾದೀತು ಅಂತ ಅದನ್ನೂ ನಮ್ಮ ಲೂಪ್‌ಗೆ ಸೇರಿಸಿದ್ದರು. ಡ್ರಾಯಿಂಗ್‌ನಲ್ಲಿ ಅದರ ಸುಳಿವಿಲ್ಲ. ಅದಕ್ಕೆ ಸಪ್ಲೈ ಡಿಜಿಯಿಂದಲೇ. ಡಿಜಿ ಓಡಿದಾಗ ಎಚ್ಚರ, ನಿಂತಾಗ ನಿದ್ದೆ. ವಿಳಾಸ ನೋಡಿದೆ: 5. ಐದನ್ನು ಕರೆದರೆ ಎರಡು ಮೀಟರ್ ಒಟ್ಟಿಗೆ ಉತ್ತರಿಸುತ್ತಿದ್ದವು.

ಬಟನ್ ಒತ್ತಿ 15 ಮಾಡಿದೆ, ಅದನ್ನೂ ಸ್ಕಾಡಾಗೆ ಸೇರಿಸಿದೆ. ಡಿಜಿ ಟೆಸ್ಟ್ ರನ್ ಮಾಡಿಸಿದಾಗ ಐದು, ಹದಿನೈದು ಎರಡೂ ಹಸಿರು. ಇನ್ನೂ ಒಂದು ವಾರ ಕ್ಯಾಪ್ಚರ್ ಆನ್ ಇಟ್ಟು, ಎರಡು ಸಲ ಕರೆಂಟ್ ಹೋಗಿ ಬಂದಿದ್ದನ್ನು ನೋಡಿ, ಆಮೇಲೆ ಆಫ್ ಮಾಡಿದೆ. ಟೈಮ್‌ಔಟ್ ಎಚ್ಚರಿಕೆಗಳು ಬರುವ ಈವೆಂಟ್ ಲಾಗ್ ಮಾತ್ರ ಫೈಲ್‌ಗೆ ಹೋಗುತ್ತಲೇ ಇದೆ. ಹದಿನೈದೂ ವಿಳಾಸ ಬರೆದ ಚೀಟಿಯನ್ನು ಡಿಜಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ ಬಂದೆ.