ಕಲ್ಲಿದ್ದಲು ಗಣಿಗೆ ಬೇರೆಯೇ ಕರೆಂಟು

ಫ್ಯಾಕ್ಟೋರಿಯೊ ಎಂಬ ಕಾರ್ಖಾನೆ ಕಟ್ಟುವ ವಿಡಿಯೋ ಗೇಮಿನಲ್ಲಿ ನನ್ನ ಕಾರ್ಖಾನೆ ಒಂದೇಟಿಗೆ ನಿಲ್ಲಲಿಲ್ಲ. ಮೊದಲು ವಸ್ತುಗಳನ್ನು ಎತ್ತಿಡುವ ಇನ್ಸರ್ಟರ್‌ಗಳ ಕೈ ನಿಧಾನವಾಯಿತು, ಆಮೇಲೆ ಬಿಡಿಭಾಗ ಜೋಡಿಸುವ ಅಸೆಂಬ್ಲರ್‌ಗಳು ತೆವಳತೊಡಗಿದವು, ಕೊನೆಗೆ ಎಲ್ಲವೂ ಸ್ತಬ್ಧ. ಕರೆಂಟು ಸಾಲದು ಎಂದುಕೊಂಡು ಇನ್ನೂ ನಾಲ್ಕು ಸ್ಟೀಮ್ ಎಂಜಿನ್ ಇಟ್ಟೆ. ಏನೂ ಬದಲಾಗಲಿಲ್ಲ.

ಎಂಜಿನ್ ಲೆಕ್ಕ ಮೊದಲೇ ಸರಿಯಿತ್ತು. ಒಂದು ಬಾಯ್ಲರ್ ಕೊಡುವ 1.8 ಮೆಗಾವಾಟ್ ಹಬೆ, 900 ಕಿಲೋವಾಟ್‌ನ ಎರಡು ಎಂಜಿನ್‌ಗೆ ಸರಿಹೋಗುತ್ತದೆ. ನನ್ನಲ್ಲಿ 20 ಬಾಯ್ಲರ್, 40 ಎಂಜಿನ್ ಇದ್ದವು: ಒಟ್ಟು 36 ಮೆಗಾವಾಟ್. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಉದ್ದಕ್ಕೂ ನಡೆದು ನೋಡಿದಾಗಲೇ ಗೊತ್ತಾಗಿದ್ದು, ಕೊನೆಯ ಬಾಯ್ಲರ್‌ಗಳು ಖಾಲಿ. ಒಂದು ಕಲ್ಲಿದ್ದಲಿನಲ್ಲಿ 4 ಮೆಗಾಜೂಲ್ ಶಕ್ತಿ. ಇಪ್ಪತ್ತೂ ಬಾಯ್ಲರ್ ಪೂರ್ತಿ ಉರಿಯಲು ಸೆಕೆಂಡಿಗೆ 9 ಬೇಕು. ಡ್ರಿಲ್‌ಗಳನ್ನೆಲ್ಲ ಹಳದಿ ಬೆಲ್ಟಿನ ಒಂದೇ ಬದಿಗೆ ಸಾಲಾಗಿ ಇಟ್ಟಿದ್ದೆ. ಹಾಗಾಗಿ ಅರ್ಧ ಬೆಲ್ಟ್ ಮಾತ್ರ ತುಂಬುತ್ತಿತ್ತು, ಅದು ಸಾಗಿಸುವುದು ಸೆಕೆಂಡಿಗೆ 7.5 ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ 30 ಮೆಗಾವಾಟ್‌ ಆದರೂ ಉಳಿಯುತ್ತಿತ್ತು. ಆದರೆ ಕಲ್ಲಿದ್ದಲು ತೆಗೆಯುವ ಡ್ರಿಲ್‌ಗಳು, ಅದನ್ನು ಬಾಯ್ಲರ್‌ಗೆ ಹಾಕುವ ಇನ್ಸರ್ಟರ್‌ಗಳು ಎಲ್ಲವೂ ಅದೇ ಕರೆಂಟಿನಲ್ಲೇ ಓಡುತ್ತಿದ್ದವು. ಕರೆಂಟು ಇಳಿದಂತೆ ಕಲ್ಲಿದ್ದಲು ಕಡಿಮೆ, ಕಲ್ಲಿದ್ದಲು ಕಡಿಮೆಯಾದಂತೆ ಕರೆಂಟು ಇನ್ನಷ್ಟು ಇಳಿತ. ಈ ಸುಳಿಯಿಂದ ಕಾರ್ಖಾನೆ ತಾನಾಗಿ ಮೇಲೇಳುವುದಿಲ್ಲ. ಬಾಯ್ಲರ್‌ಗಳಿಗೆ ನಾನೇ ಕೈಯಾರೆ ಕಲ್ಲಿದ್ದಲು ಹಾಕಿ ಎಬ್ಬಿಸಿದೆ.

ಮೊದಲು ಬಾಯ್ಲರ್‌ಗಳ ಮುಂದೆ ಬರ್ನರ್ ಇನ್ಸರ್ಟರ್ ಹಾಕಿದೆ. ಅದು ತಾನು ಎತ್ತುವ ಕಲ್ಲಿದ್ದಲಿನಲ್ಲೇ ತನ್ನ ಉರುವಲು ಇಟ್ಟುಕೊಳ್ಳುತ್ತದೆ, ಕರೆಂಟಿನ ಹಂಗಿಲ್ಲ. ಆಟದ ಮೊದಲ ಗಂಟೆ ಕಳೆದ ಮೇಲೆ ಎಲ್ಲರೂ ಅದನ್ನು ಮೂಲೆಗೆ ಹಾಕುತ್ತಾರೆ. ಬಾಯ್ಲರ್ ಮುಂದೆ ಅದಕ್ಕಿಂತ ಒಳ್ಳೆಯ ಯಂತ್ರ ನನಗೆ ಕಂಡಿಲ್ಲ.

ಆಮೇಲೆ ಬೆಲ್ಟಿನ ಎರಡೂ ಬದಿಗೆ ಹತ್ತತ್ತು ಡ್ರಿಲ್ ಇಟ್ಟೆ. ಒಂದಕ್ಕೆ 90 ಕಿಲೋವಾಟ್, ಇಪ್ಪತ್ತಕ್ಕೆ 1.8 ಮೆಗಾವಾಟ್. ಅಂದರೆ ಸರಿಯಾಗಿ ಒಂದು ಬಾಯ್ಲರ್, ಎರಡು ಎಂಜಿನ್! ಅಷ್ಟನ್ನು ಗಣಿಗೆಂದೇ ಪ್ರತ್ಯೇಕವಾಗಿ ಕಟ್ಟಿದೆ. ಹೊಸ ಕಂಬ ನೆಟ್ಟರೆ ಪಕ್ಕದ ಕಂಬಕ್ಕೆ ತಂತಿ ತಾನಾಗೇ ಕೂಡಿಕೊಳ್ಳುತ್ತದೆ. ಕೈಯಲ್ಲಿ ತಾಮ್ರದ ತಂತಿ ಹಿಡಿದು ಎರಡೂ ಕಂಬ ಒತ್ತಿ ಆ ಕೊಂಡಿಯನ್ನು ಬಿಡಿಸಿದೆ.

ಶತ್ರುಗಳ ಮುಂದಿನ ದಾಳಿಯಲ್ಲಿ, ಕರೆಂಟಿನಲ್ಲೇ ನಡೆಯುವ ಕಾವಲು ಫಿರಂಗಿಗಳಾದ ಲೇಸರ್ ಟರೆಟ್‌ಗಳು ಒಟ್ಟಿಗೇ ಕಿರಣ ಹಾರಿಸಿದ್ದರಿಂದ ಕಾರ್ಖಾನೆಯ ಕರೆಂಟು ಮತ್ತೆ ಕುಸಿಯಿತು. ಓಡಿಹೋಗಿ ಗಣಿಯ ಕಂಬ ಒತ್ತಿ ನೋಡಿದೆ: ಕರೆಂಟಿನ ಪೂರೈಕೆ ತೋರಿಸುವ ಪಟ್ಟಿ ಪೂರ್ತಿ ತುಂಬಿತ್ತು, ಇಪ್ಪತ್ತೂ ಡ್ರಿಲ್ ಎಂದಿನ ವೇಗದಲ್ಲೇ ತಿರುಗುತ್ತಿದ್ದವು.