ರನ್‌ವೇ ಹತ್ತಿರ ಬಂದಾಗಲೇ ಯಾಕೆ ಕುಂಟುತ್ತಿತ್ತು? ನನ್ನ ಪ್ರೊಸೆಸರ್ ಪುರಾಣ

ನಮ್ಮ ಮನೆ ತಾರಸಿ ಮೇಲೆ ನಿಂತರೆ ರಾತ್ರಿ ಹೊತ್ತು ದೇವನಹಳ್ಳಿ ಕಡೆ ಇಳಿಯುವ ವಿಮಾನಗಳ ದೀಪ ಕಾಣುತ್ತದೆ. ಚಿಕ್ಕಬಳ್ಳಾಪುರದಲ್ಲಿ ಡಿಟಿಪಿ ಮತ್ತು ಮದುವೆ ಆಲ್ಬಂ ಅಂಗಡಿ ಇಟ್ಟುಕೊಂಡಿರುವ ನಾನು ನಿಜವಾದ ವಿಮಾನ ಹತ್ತಿದ್ದು ಎರಡೇ ಸಲ. ಕಂಪ್ಯೂಟರಿನಲ್ಲಿ ಇಳಿಸಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಿಡಿದವನು ಇನ್ನೂ ಬಿಟ್ಟಿಲ್ಲ. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ದೇವನಹಳ್ಳಿಯಿಂದ ಮಂಗಳೂರಿಗೆ ಒಂದು ಟ್ರಿಪ್ಪು. ರನ್‌ವೇ 27ರಿಂದ ಮೇಲೆದ್ದರೆ ಬಲಗಡೆ ದೂರದಲ್ಲಿ ನಮ್ಮ ನಂದಿ ಬೆಟ್ಟ. ಅದನ್ನು ನೋಡೋದಕ್ಕೇ ಎಷ್ಟೋ ಸಲ ಹಾರಿದ್ದೇನೆ.

ತೊಂದರೆ ಇದ್ದದ್ದು ವಾಪಸ್ ಬಂದು ಇಳಿಯುವಾಗ. ಚಿಂತಾಮಣಿ ಕಡೆ ಹೊಲಗಳ ಮೇಲೆ ಹಾರುವಾಗ ಸೆಕೆಂಡಿಗೆ 45 ಫ್ರೇಮ್, ಅಂದರೆ 45 ಚಿತ್ರ, ಆರಾಮಾಗಿ ಬರುತ್ತಿತ್ತು. ಏರ್‌ಬಸ್ ಎ320 ತಗೊಂಡು ದೇವನಹಳ್ಳಿ ರನ್‌ವೇಗೆ 500 ಅಡಿ ಎತ್ತರಕ್ಕೆ ಬಂದರೆ ಸಾಕು, 22ಕ್ಕೆ ಇಳಿದುಬಿಡುತ್ತಿತ್ತು. ಚಕ್ರ ನೆಲ ಮುಟ್ಟುವ ಮುಂಚೆ ಮೂತಿಯನ್ನು ಸ್ವಲ್ಪ ಎತ್ತಬೇಕು. ಕೈ ತೀರಾ ನಾಜೂಕಾಗಿ ಆಡಬೇಕಾದ ಹೊತ್ತು ಅದು. ಸರಿಯಾಗಿ ಆಗಲೇ ಚಿತ್ರ ಗಕ್ಕನೆ ನಿಲ್ಲೋದು. ಮತ್ತೆ ಚಿತ್ರ ಬರುವಷ್ಟರಲ್ಲಿ ವಿಮಾನ ದಬ್ ಅಂತ ನೆಲಕ್ಕೆ ಬಿದ್ದಿರುತ್ತಿತ್ತು.

ಆಗ ನನ್ನ ಹತ್ತಿರ ಇದ್ದ ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ 5 3600. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಆಟ ಅಂದರೆ ಗ್ರಾಫಿಕ್ಸ್ ಕಾರ್ಡ್ ಅಂದುಕೊಂಡು ಆಲ್ಬಂ ಸೀಸನ್ನಿನ ದುಡ್ಡೆಲ್ಲ ಸುರಿದು ಆರ್‌ಟಿಎಕ್ಸ್ 3060 ತಂದು ಹಾಕಿದೆ. ಮೋಡಗಳು ಚೆಂದ ಕಂಡವು. ರನ್‌ವೇ ಹತ್ತಿರ ಮತ್ತೆ ಅದೇ 22. ಹಿಂದೆ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಅಷ್ಟು ದುಡ್ಡು ಹಾಕಿದ್ಮೇಲೂ ವಿಮಾನ ಕುಂಟ್ತಾನೇ ಇದೆಯಲ್ರೀ" ಅಂದಳು. ಉತ್ತರ ಇರಲಿಲ್ಲ.

ಗಂಟು ಬಿಡಿಸಿದವನು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. "ಮಾಮ, ಡೆವಲಪರ್ ಮೋಡ್ ಆನ್ ಮಾಡಿ ನೋಡಿದ್ರಾ?" ಅಂತ ಕೇಳಿದ. ಅಂಥದ್ದೊಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸೆಟ್ಟಿಂಗಿನಲ್ಲಿ ಆನ್ ಮಾಡಿ ಎಫ್‌ಪಿಎಸ್ ಕೌಂಟರ್ ತೆರೆದರೆ ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕೆಂಪಗೆ "ಲಿಮಿಟೆಡ್ ಬೈ ಮೇನ್‌ಥ್ರೆಡ್" ಅಂತಿತ್ತು. ಥ್ರೆಡ್ ಅಂದರೆ ಪ್ರೊಸೆಸರ್ ಒಂದರ ಹಿಂದೊಂದು ಮಾಡುವ ಕೆಲಸಗಳ ಸಾಲು, ಮೇನ್‌ಥ್ರೆಡ್ ಅವುಗಳಲ್ಲಿ ಮುಖ್ಯವಾದದ್ದು. ಒಂದೊಂದು ಫ್ರೇಮಿಗೆ ಮೇನ್‌ಥ್ರೆಡ್ 45 ಮಿಲಿಸೆಕೆಂಡ್ ತಿನ್ನುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹದಿನೈದರಲ್ಲೇ ತನ್ನ ಕೆಲಸ ಮುಗಿಸಿ ಸುಮ್ನೆ ಕೂತಿತ್ತು. 30 ಫ್ರೇಮ್ ಬೇಕಂದರೆ ಪ್ರತಿ ಫ್ರೇಮೂ 33 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಲೆಕ್ಕ ಇಷ್ಟೇ. ಟಾಸ್ಕ್ ಮ್ಯಾನೇಜರ್ ನೋಡಿ "ಪ್ರೊಸೆಸರ್ 35 ಪರ್ಸೆಂಟ್ ಮಾತ್ರ ಓಡ್ತಿದೆ, ಅದರದ್ದೇನೂ ತಪ್ಪಿಲ್ಲ" ಅಂತ ಮೋಸ ಹೋಗಿದ್ದೆ. ಹನ್ನೆರಡು ಥ್ರೆಡ್‌ಗಳ ಸರಾಸರಿ ಅದು. ಒಂದಕ್ಕೆ ಉಸಿರು ಕಟ್ಟಿ ಉಳಿದವು ಖಾಲಿ ಕೂತಿದ್ದರೂ ಸರಾಸರಿ ಚೆನ್ನಾಗೇ ಕಾಣುತ್ತದೆ, ಅಲ್ವಾ?

ಮದುವೆ ಮನೆ ಅಡುಗೆ ನೆನೆಸಿಕೊಳ್ಳಿ. ತರಕಾರಿ ಹೆಚ್ಚೋಕೆ, ಕಾಯಿ ತುರಿಯೋಕೆ ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಸಾರಿಗೆ ಹದ ಹಾಕೋದು ಮಾತ್ರ ಒಬ್ಬ ಭಟ್ಟರು. ಸಿಮ್ಯುಲೇಟರಿನಲ್ಲಿ ವಿಮಾನದ ಹಾರಾಟದ ಲೆಕ್ಕ, ಕಾಕ್‌ಪಿಟ್ಟಿನ ಸಿಸ್ಟಮ್‌ಗಳು, ಏನೇನು ಚಿತ್ರ ಬಿಡಿಸಬೇಕು ಅಂತ ಕಾರ್ಡಿಗೆ ಹೇಳುವ ಕೆಲಸ, ಇದರಲ್ಲಿ ಬಹುಪಾಲು ಒಂದೇ ಥ್ರೆಡ್ ಮೇಲೆ ಬೀಳುತ್ತದೆ. ಆ ಭಟ್ಟರು ಉಪ್ಪಿಗೊಮ್ಮೆ ಮೆಣಸಿಗೊಮ್ಮೆ ಉಗ್ರಾಣಕ್ಕೆ ಓಡುತ್ತಿದ್ದರೆ ಸಾರು ಕುದಿಯೋದು ಯಾವಾಗ? ಉಗ್ರಾಣ ಅಂದರೆ ರ‍್ಯಾಮ್. ಒಲೆ ಪಕ್ಕದಲ್ಲೇ ಇರುವ ಸಾಂಬಾರ ಡಬ್ಬಿ ಅಂದರೆ ಎಲ್3 ಕ್ಯಾಶ್, ಪ್ರೊಸೆಸರಿನ ಒಳಗೇ ಇರುವ ಪುಟ್ಟ ಮೆಮೊರಿ. ಡಬ್ಬಿಗೆ ಕೈ ಹಾಕೋಕೆ ಹತ್ತು ನ್ಯಾನೊಸೆಕೆಂಡಿನ ಆಸುಪಾಸು ಸಾಕು. ಉಗ್ರಾಣಕ್ಕೆ ಹೋಗಿ ಬರೋಕೆ ಅದರ ಹಲವು ಪಟ್ಟು ಬೇಕು.

ದುಡ್ಡು ಖರ್ಚು ಮಾಡುವ ಮುಂಚೆ ಪುಕ್ಕಟೆ ಕೆಲಸ ಮೊದಲು. ಬಯಾಸ್ (ಮದರ್‌ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ತೆರೆದು ನೋಡಿದರೆ ನಾಚಿಕೆಯಾಯಿತು. ನನ್ನ ರ‍್ಯಾಮ್ 3200 ವೇಗದ್ದು, ಎರಡು ವರ್ಷದಿಂದ ಓಡುತ್ತಿದ್ದದ್ದು 2133ರಲ್ಲಿ. ಅದನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್ಎಂಪಿ ಅನ್ನೋ ಒಂದು ಆಯ್ಕೆ ಆನ್ ಮಾಡಿರಲಿಲ್ಲ, ಅಷ್ಟೇ. ಕಂಪ್ಯೂಟರ್ ಜೋಡಿಸಿದವನು ನಾನೇ, ಬೈಯೋಕೆ ಬೇರೆ ಯಾರೂ ಇಲ್ಲ. ರೈಜನ್ನಿನಲ್ಲಿ ರ‍್ಯಾಮ್ ವೇಗ ಏರಿದರೆ ಒಳಗಿನ ಭಾಗಗಳನ್ನು ಜೋಡಿಸುವ ಇನ್‌ಫಿನಿಟಿ ಫ್ಯಾಬ್ರಿಕ್ಕಿನ ವೇಗವೂ ಜೊತೆಗೆ ಏರುತ್ತದೆ. 22 ಇದ್ದದ್ದು 25 ಆಯಿತು. ಟೆರೈನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರ ಎಷ್ಟು ಕಾಣಬೇಕು ಅನ್ನೋ ಸೆಟ್ಟಿಂಗ್) 200ರಿಂದ 100ಕ್ಕೆ ಇಳಿಸಿದೆ, ಕಾಕ್‌ಪಿಟ್ ಪರದೆಗಳ ರಿಫ್ರೆಶ್ ರೇಟ್ ಮೀಡಿಯಂ ಮಾಡಿದೆ. 29ಕ್ಕೆ ಬಂತು. ಪ್ರೊಸೆಸರನ್ನು ಹಿಂಡುವ ಸೆಟ್ಟಿಂಗುಗಳು ಇವು. ಮೋಡ, ನೆರಳು ಎಲ್ಲ ಕಾರ್ಡಿನ ತಲೆನೋವು, ಅವನ್ನು ಮುಟ್ಟಲೇ ಇಲ್ಲ. ನಿಂತಿರುವ, ಓಡಾಡುವ ವಿಮಾನಗಳನ್ನು ತೆಗೆದರೆ 30 ದಾಟುತ್ತಿತ್ತು. ಆದರೆ ಖಾಲಿ ದೇವನಹಳ್ಳಿ ಅಂದರೆ ಕರ್ಫ್ಯೂ ಹಾಕಿದ ಊರಿನ ಹಾಗೆ. ನನಗೆ ಬೇಡ.

ಹಾಗಾಗಿ ಒಂದು ದಿನ ಬಸ್ ಹತ್ತಿ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ "ಸಾರ್, ಹದಿನಾರು ಕೋರ್ ಇರೋದು ತಗೊಳ್ಳಿ, ಏನು ಹಾಕಿದ್ರೂ ಓಡುತ್ತೆ" ಅಂದರು. ವಿಡಿಯೋ ಎಡಿಟ್ ಮಾಡುವವರಿಗೆ ಒಳ್ಳೆಯ ಮಾತೇ. ನನ್ನದು ಒಬ್ಬ ಭಟ್ಟರ ಸಮಸ್ಯೆ. ಹೆಚ್ಚೋರು ಹದಿನಾರು ಜನ ಬಂದು ಏನು ಮಾಡ್ತಾರೆ? ಕ್ಯಾಶ್ ಜಾಸ್ತಿ ಇರುವ ಪ್ರೊಸೆಸರುಗಳಲ್ಲಿ 7800ಎಕ್ಸ್3ಡಿ, 9800ಎಕ್ಸ್3ಡಿ ಇನ್ನೂ ಚೆನ್ನಾಗಿವೆ, ಗೊತ್ತು. ಆದರೆ ಅವು ಕೂರೋದು ಎಎಂ5 ಸಾಕೆಟ್ಟಿನಲ್ಲಿ, ಅಂದರೆ ಬೋರ್ಡೂ ಹೊಸದು, ಡಿಡಿಆರ್5 ರ‍್ಯಾಮೂ ಹೊಸದು. ನಾನು ತಂದದ್ದು 2024ರ ಜನವರಿಯಲ್ಲಿ ಬಂದ ರೈಜನ್ 7 5700ಎಕ್ಸ್3ಡಿ. ನನ್ನ ಹಳೆಯ ಬಿ450 ಬೋರ್ಡಿನಲ್ಲೇ ಕೂರುತ್ತದೆ.

ಕಾಗದದ ಮೇಲೆ ನೋಡಿದರೆ ಇದು ಹಿಂದೆ ಹೋದ ಹಾಗೆ. ಹಳೆಯ 3600 ಏರಿದರೆ 4.2 ಗಿಗಾಹರ್ಟ್ಜ್, ಇದು 4.1. ವ್ಯತ್ಯಾಸ ಇರೋದು ಡಬ್ಬಿಯಲ್ಲಿ. 3600ರಲ್ಲಿ 32 ಎಂಬಿ ಎಲ್3 ಅಂತ ಬರೆದಿದ್ದರೂ ಅದು 16-16ರ ಎರಡು ಭಾಗ. ಒಂದು ಕೋರಿಗೆ ಹತ್ತಿರ ಇರೋದು 16 ಮಾತ್ರ. ಹೊಸದರಲ್ಲಿ ಎಂಟೂ ಕೋರ್‌ಗಳಿಗೆ ಸೇರಿ ಒಟ್ಟಾಗಿ 96. ಮೂಲ 32ರ ತಲೆ ಮೇಲೆ ಇನ್ನೊಂದು 64ರ ಚಿಪ್ ಕೂರಿಸಿದ್ದಾರೆ.

ಪ್ರೊಸೆಸರ್ ಬದಲಿಸೋದು ಐದು ನಿಮಿಷದ ಕೆಲಸ ಅಂತಾರೆ. ನನಗೆ ಅರ್ಧ ದಿನ ಹಿಡಿಯಿತು. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಬೋರ್ಡು ಹೊಸದನ್ನು ಗುರುತೇ ಹಿಡಿಯೋದಿಲ್ಲ. ನಡುವೆ ಕರೆಂಟ್ ಹೋದರೆ ಬೋರ್ಡಿಗೆ ಎಳ್ಳುನೀರು. ಅಂಗಡಿಯ ಯುಪಿಎಸ್ ಹೊತ್ತು ಮನೆಗೆ ತಂದೆ. ಅಪ್‌ಡೇಟ್ 60 ಪರ್ಸೆಂಟಿನಲ್ಲಿ ಇದ್ದಾಗ ಫ್ಯಾನ್ ನಿಂತಿತು, ಯುಪಿಎಸ್ ಕೀಂ ಕೀಂ ಅಂತು. ಪುಣ್ಯಕ್ಕೆ ಅಪ್‌ಡೇಟ್ ಮುಗಿಯಿತು.

ಆಮೇಲೆ ಕೂಲರ್ ಬಿಚ್ಚಿದೆ. ಸ್ಕ್ರೂ ತೆಗೆದು ಮೇಲಕ್ಕೆ ಎಳೆದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತುಕೊಂಡು ಬಂತು! ಪೇಸ್ಟ್ ಒಣಗಿ ಅಂಟಿನ ಹಾಗೆ ಹಿಡಿದಿತ್ತು. ನನ್ನ ಬೋರ್ಡಿನ ಎಎಂ4 ಸಾಕೆಟ್ಟಿನಲ್ಲಿ ಪಿನ್ನುಗಳು ಇರೋದು ಪ್ರೊಸೆಸರಿನ ಕೆಳಗೆ. ಮೂಲೆಯ ಎರಡು ಪಿನ್ನು ಬಗ್ಗಿದ್ದವು. ಕಡ್ಡಿ ತೆಗೆದ 0.7ರ ಪೆನ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಎತ್ತುತ್ತಾ ನೆಟ್ಟಗೆ ಮಾಡಿದೆ. ಬಿಚ್ಚುವ ಮುಂಚೆ ಕಾಲು ಗಂಟೆ ಆಟ ಓಡಿಸಿ ಬಿಸಿ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವಿ ಆಮೇಲೆ ಎತ್ತಬೇಕಿತ್ತು. ಹೊಸದರ ಜೊತೆ ಕೂಲರ್ ಬರೋದಿಲ್ಲ, ಅದನ್ನೂ ಬೇರೆ ಕೊಳ್ಳಬೇಕು. ನಾನು ಒಂದು ಫ್ಯಾನಿನ ಟವರ್ ಕೂಲರ್ ಹಾಕಿದೆ.

ಮೊದಲ ರಾತ್ರಿಯೇ ದೇವನಹಳ್ಳಿ. ಅದೇ ಎ320, ಟೆರೈನ್ ಮತ್ತೆ 200ಕ್ಕೆ. 39 ಬಂತು. 25 ಇದ್ದ ಜಾಗದಲ್ಲಿ 39.

ಇನ್ನು ಟ್ಯೂನಿಂಗ್. ಈ ಪ್ರೊಸೆಸರನ್ನು ಹಳೆಯ ಕಾಲದ ಹಾಗೆ ಓವರ್‌ಕ್ಲಾಕ್ (ವೇಗ ಎಳೆದು ಏರಿಸೋದು) ಮಾಡೋಕೆ ಆಗೋದಿಲ್ಲ, ವೇಗ ನಿಗದಿ ಮಾಡುವ ಮಲ್ಟಿಪ್ಲೈಯರಿಗೆ ಬೀಗ ಹಾಕಿದ್ದಾರೆ. ಮೇಲೆ ಕೂತ ಕ್ಯಾಶ್ ಜಾಸ್ತಿ ವೋಲ್ಟೇಜ್ ತಡೆಯೋದಿಲ್ಲ, ಕೋರುಗಳ ಮೇಲೂ ಒಂದು ಸಿಲಿಕಾನ್ ಪದರ ಇರೋದರಿಂದ ಬಿಸಿ ಹೊರಗೆ ಹೋಗೋದೂ ಕಷ್ಟ. ಹಾಗಾಗಿ ಇಲ್ಲಿ ಕೆಲಸ ಉಲ್ಟಾ. ವೋಲ್ಟೇಜ್ ಇಳಿಸಬೇಕು. ನನ್ನ ಬೋರ್ಡಿನ ಹೊಸ ಬಯಾಸಿನಲ್ಲಿ ಅದಕ್ಕೆಂದೇ ಕರ್ವ್ ಆಪ್ಟಿಮೈಸರ್ ಅನ್ನೋ ಸೆಟ್ಟಿಂಗ್ ಇತ್ತು. ಒಂದು ಅಂಕಿ ಇಳಿಸಿದರೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ನಾನು ದುರಾಸೆಗೆ ಬಿದ್ದು ಎಂಟೂ ಕೋರಿಗೆ ಒಂದೇ ಸಲ ಮೈನಸ್ 30 ಕೊಟ್ಟೆ. ಒಂದು ಗಂಟೆ ಸ್ಟ್ರೆಸ್ ಟೆಸ್ಟ್ ಪಾಸ್. ಏಪ್ರಿಲ್ ಸೆಕೆಯಲ್ಲೂ ಬಿಸಿ 84ರಿಂದ 76 ಡಿಗ್ರಿಗೆ ಇಳಿಯಿತು. ಗೆದ್ದೆ ಅಂದುಕೊಂಡೆ.

ಮೂರನೇ ದಿನ ಮಂಗಳೂರಿನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ಕಣ್ಣಿಗೆ ಬಿದ್ದಿತ್ತು, ಚಕ್ರ ಇಳಿಸಿದ್ದೆ, ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್! ಮಾರನೇ ದಿನ ಸುಮ್ನೆ ಮೆನು ತೆರೆದು ಕಾಫಿ ಕುಡಿಯುತ್ತಿದ್ದಾಗಲೂ ಅದೇ. ಈವೆಂಟ್ ವ್ಯೂವರಿನಲ್ಲಿ ಹಾರ್ಡ್‌ವೇರ್ ಎರರ್ ದಾಖಲಾಗಿತ್ತು. ಪೂರ್ತಿ ಹೊರೆ ಹೊರಿಸಿದಾಗ ಪ್ರೊಸೆಸರಿನ ವೇಗ ಸ್ವಲ್ಪ ಇಳಿದು ಇರುತ್ತದೆ, ಅದಕ್ಕೇ ಪಾಸಾಗುತ್ತಿತ್ತು. ಹೊರೆ ಕಮ್ಮಿ ಆಗಿ ಒಂದೇ ಕೋರ್ ತುದಿಗೆ ಜಿಗಿದಾಗ ವೋಲ್ಟೇಜ್ ಸಾಲದೆ ಮುಗ್ಗರಿಸುತ್ತಿತ್ತು. ಕೋರ್‌ಸೈಕ್ಲರ್ ಅನ್ನೋ ಸಾಧನ ಒಂದೊಂದೇ ಕೋರನ್ನು ಪರೀಕ್ಷೆ ಮಾಡುತ್ತದೆ. ಎರಡು ರಾತ್ರಿ ಅದನ್ನು ಓಡಲು ಬಿಟ್ಟು ಮಲಗಿದೆ. ಆರು ಕೋರ್ 30 ತಡೆದವು. ಒಂದಕ್ಕೆ 22, ಇನ್ನೊಂದಕ್ಕೆ 15. ಅಂದಿನಿಂದ ಒಮ್ಮೆಯೂ ನಿಂತಿಲ್ಲ. ಬಿಸಿ ಒಂದೇ ಡಿಗ್ರಿ ಏರಿತು.

ಎಸ್‌ಎಂಟಿ (ಒಂದು ಕೋರಿನಲ್ಲಿ ಎರಡು ಥ್ರೆಡ್ ಓಡಿಸೋ ಸೌಲಭ್ಯ) ಆಫ್ ಮಾಡಿ ನೋಡಿದೆ, ನನ್ನಲ್ಲಿ ಫರಕ್ಕೇನೂ ಕಾಣಲಿಲ್ಲ, ವಾಪಸ್ ಆನ್ ಮಾಡಿದೆ. ವಿಂಡೋಸಿನ ಪವರ್ ಪ್ಲ್ಯಾನ್ ಬದಲಿಸಿದ್ದರಿಂದಲೂ ಅಷ್ಟೇ.

ಇಷ್ಟೆಲ್ಲ ಮಾಡಿ ಈಗ ನಾನು ಎಷ್ಟು ಫ್ರೇಮಿನಲ್ಲಿ ಹಾರುತ್ತೇನೆ ಗೊತ್ತಾ? ಮೂವತ್ತು. ನನ್ನ ಮಾನಿಟರ್ 60 ಹರ್ಟ್ಜಿನದು, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, 30 ಅದರ ಸರಿಯಾಗಿ ಅರ್ಧ. 39, 34, 42 ಅಂತ ಹೊಯ್ದಾಡುವುದಕ್ಕಿಂತ 30ಕ್ಕೆ ಕಟ್ಟಿಹಾಕಿದರೆ ಕಣ್ಣಿಗೆ ಹಿತ. ಮೇನ್‌ಥ್ರೆಡ್ 26 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ, ಇನ್ನೂ ಏಳು ಕೈಯಲ್ಲಿರುತ್ತದೆ. ಅಕ್ಕನ ಮಗನಿಗೆ ಇದು ಒಪ್ಪಿಗೆಯಿಲ್ಲ. "ಅಷ್ಟು ಖರ್ಚು ಮಾಡಿ ಮೂವತ್ತಾ ಮಾಮ?" ಅಂತ ಅಣಕಿಸುತ್ತಾನೆ. ಅವನು ಆಡೋದು ಗುಂಡು ಹಾರಿಸುವ ಆಟ, ಅಲ್ಲಿನ ಲೆಕ್ಕ ಬೇರೆ. ನಾನು ಅವನನ್ನು ಕೂರಿಸಿ, ಸಂಜೆಯ ಟ್ರಾಫಿಕ್ಕೆಲ್ಲ ಹಾಕಿ, ದೇವನಹಳ್ಳಿಯಲ್ಲಿ ಇಳಿಸು ಅಂದೆ. 50 ಅಡಿ, 30, 20... ಎಲ್ಲೂ ತಡವರಿಸಲಿಲ್ಲ. ಆದರೂ ದಬ್ ಅಂತಲೇ ಇಳಿಸಿದ. ಈ ಸಲ ಪ್ರೊಸೆಸರ್ ಮೇಲೆ ಹಾಕೋಕೆ ಅವನಿಗೆ ಆಗಲಿಲ್ಲ.

ಪಿನ್ನು ನೆಟ್ಟಗೆ ಮಾಡಿದ ಆ 3600 ಮಾರಲು ಮನಸ್ಸಾಗಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಲಗ್ನಪತ್ರಿಕೆ ಪ್ರಿಂಟ್ ಹಾಕುತ್ತಿದೆ.