ಆಲೂಗಡ್ಡೆಯನ್ನು ತರಕಾರಿ ಬುಟ್ಟಿಗೆ ಹಾಕಬೇಡಿ

ಹಾಸನದ ಕಡೆ ಮನೆಗಳಲ್ಲಿ ಆಲೂಗಡ್ಡೆ ಇಲ್ಲದ ದಿನವೇ ಇಲ್ಲ. ನಮ್ಮಲ್ಲಿ ಹೋದ ಭಾನುವಾರ ಊಟಕ್ಕೆ ಕೂತಾಗ ಅದರ ಮೇಲೆಯೇ ವಾದ ಎದ್ದಿತು. "ಆಲೂಗಡ್ಡೆ ಪಲ್ಯ ತಿಂದೆನಲ್ಲ ಅಜ್ಜಿ, ತರಕಾರಿ ಲೆಕ್ಕಕ್ಕೆ ಬಂತು" ಅಂತ ಮೊಮ್ಮಗ ಬೀನ್ಸ್ ತಟ್ಟೆಯನ್ನು ಆಚೆ ತಳ್ಳಿದ. ಸೊಸೆ ಬಿಡಲಿಲ್ಲ. ನಡುವೆ ಮಗ ಟೊಮೆಟೊ ಮಾತು ತಂದು ಹಾಕಿದ. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಇದೇ ಜಗಳ ಹೋಗಿತ್ತಂತೆ. ಹೊರದೇಶದ ತರಕಾರಿಗೆ ಸುಂಕ, ಹಣ್ಣಿಗೆ ಇಲ್ಲ. ಟೊಮೆಟೊ ಹಣ್ಣೇ ಆದರೂ ಜನ ಊಟದ ಜೊತೆ ತಿನ್ನುತ್ತಾರೆ, ಆದ್ದರಿಂದ ತರಕಾರಿ ಅಂತ ತೀರ್ಪಾಯಿತು.

ನಮ್ಮ ಸಂತೆಯಲ್ಲಿ ಇಂದಿಗೂ ಟೊಮೆಟೊ ಹಣ್ಣು ಅಂತಲೇ ಕೂಗುತ್ತಾರೆ. ಬದನೆ, ಬೆಂಡೆ, ಸೌತೆಗೆಲ್ಲ ಬೆನ್ನಿಗೆ 'ಕಾಯಿ' ಅಂತಿದೆ. 'ಹಣ್ಣು' ಅನ್ನುವ ಹೆಸರು ನಂಬಿಯೇ ಟೊಮೆಟೊ ಇಡಿ. ದೋರೆಗಾಯಿ ಇದ್ದರೆ ಫ್ರಿಜ್ಜಿಗೆ ಹಾಕಬೇಡಿ, ರುಚಿ ಸತ್ತು ಹೋಗುತ್ತದೆ. ತೊಟ್ಟಿನ ಕಡೆ ಕೆಳಗೆ ಮಾಡಿ ತಟ್ಟೆಯಲ್ಲಿ ಹರವಿಡಿ.

ಆಲೂಗಡ್ಡೆಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅನ್ನುತ್ತದೆ, ಆ ಲೆಕ್ಕದಲ್ಲಿ ಆಲೂಗಡ್ಡೆಯೂ ಇಲ್ಲ, ಗೆಣಸೂ ಇಲ್ಲ. ನೀರು ಬಿಟ್ಟರೆ ಆಲೂಗಡ್ಡೆಯಲ್ಲಿರುವುದು ಹೆಚ್ಚಾಗಿ ಪಿಷ್ಟ, ಅಂದರೆ ಅದು ಅನ್ನದ ಕಡೆಯ ನೆಂಟ. ಹಾಗಾಗಿ ಆಲೂಗಡ್ಡೆ ಪಲ್ಯ ಮಾಡಿದ ದಿನ ನಾನು ಅಕ್ಕಿಯನ್ನು ಅರ್ಧ ಪಾವು ಕಡಿಮೆ ಹಾಕುತ್ತೇನೆ, ಜೊತೆಗೆ ಒಂದು ಸೊಪ್ಪಿನ ಸಾರು ಇರಲೇಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದನ್ನು ಮರೆಯಬೇಡಿ. ನಮ್ಮ ಅತ್ತೆಯವರು ಶನಿವಾರ ಒಪ್ಪತ್ತು ಮಾಡುತ್ತಿದ್ದರು, ರಾತ್ರಿ ಅಕ್ಕಿತರಿ ಉಪ್ಪಿಟ್ಟು. "ಅದೂ ಅಕ್ಕಿಯೇ ಅಲ್ವೇನೇ?" ಅಂತ ಮಾವನವರು ಕೇಳಿದರೆ, "ಹುರಿದ ಮೇಲೆ ಅದು ಅನ್ನ ಅಲ್ಲ, ಫಲಾಹಾರ" ಅನ್ನುತ್ತಿದ್ದರು. ವ್ರತಕ್ಕೆ ಆ ಲೆಕ್ಕ ಸರಿ, ಸಕ್ಕರೆ ಕಾಯಿಲೆ ಅದನ್ನು ಒಪ್ಪುವುದಿಲ್ಲ.

ಆಲೂಗಡ್ಡೆ ಇಡುವಾಗಲೂ ಅಷ್ಟೇ, ತರಕಾರಿಯಂತೆ ತಣ್ಣಗೆ ಇಡಬಾರದು. ಫ್ರಿಜ್ಜಿನಲ್ಲಿ ಅದರ ಪಿಷ್ಟ ಸಿಹಿಯಾಗುತ್ತದೆ, ಕರಿದರೆ ಕಪ್ಪಾಗುತ್ತದೆ. ಗೋಣಿಚೀಲದಲ್ಲಿ, ಕತ್ತಲೆಯ ಮೂಲೆಯಲ್ಲಿ, ಗಾಳಿಯಾಡುವಂತೆ ಇಡಿ. ಪಕ್ಕದಲ್ಲೇ ಈರುಳ್ಳಿ ಸುರಿಯಬೇಡಿ, ಎರಡೂ ಬೇಗ ಕೆಡುತ್ತವೆ. ಬೆಳಕು ಬಿದ್ದ ಗಡ್ಡೆಯ ಸಿಪ್ಪೆ ಹಸಿರಾಗುತ್ತದೆ, ಬಾಯಿಗೆ ಕಹಿ. ಒಂದು ಚೂರು ಹಸಿರಿದ್ದರೆ ದಪ್ಪಗೆ ಹೆರೆದು ತೆಗೆಯಿರಿ, ಗಡ್ಡೆಯೆಲ್ಲ ಹಸಿರಾಗಿದ್ದರೆ ಎಸೆದುಬಿಡಿ. ಜೀವ ಹಿಡಿದು ಉಳಿಸುವ ವಸ್ತು ಅಲ್ಲ ಅದು.

ಇನ್ನು ಹಲಸು. ಸಕಲೇಶಪುರ, ಮೂಡಿಗೆರೆ ಕಡೆಯವರ ಹತ್ತಿರ ಅದು ಹಣ್ಣೋ ತರಕಾರಿಯೋ ಅಂತ ಕೇಳಿ ನೋಡಿ, ನಗುತ್ತಾರೆ. ಎಳೆಯದು ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಹಣ್ಣಾದದ್ದು ಕಡುಬಿಗೆ. ಬೀಜ ಮಾತ್ರ ಆಲೂಗಡ್ಡೆಯ ಜಾತಿ, ಅದೂ ಪಿಷ್ಟವೇ. ಹಣ್ಣು ಬಿಡಿಸಿದ ದಿನವೇ ಬೀಜ ತೊಳೆದು, ಕೆಮ್ಮಣ್ಣು ಸವರಿ, ನೆರಳಲ್ಲಿ ಒಣಗಿಸಿ ಮಡಕೆಗೆ ತುಂಬಿ. ಆಷಾಢದ ಜಡಿಮಳೆಗೆ ಸಂತೆಗೆ ಹೋಗಲಾಗದ ದಿನ ಎರಡು ಹಿಡಿ ತೆಗೆದು, ಮಣ್ಣು ತೊಳೆದು, ಸೌತೆಕಾಯಿ ಹುಳಿಗೆ ಹಾಕಬಹುದು.